ಕೆಳದವಡೆ: ತೆಗೆದವರು ಮತ್ತು ಕಟ್ಟಿದವರು

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಯುದ್ಧಗಳ ಇಸವಿಗಳು ಹೇರಳವಾಗಿವೆ. ವೈದ್ಯರ ಇಸವಿಗಳು ಅಪರೂಪ. ಇಂದು ಅಂಥ ಕೆಲವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅದಕ್ಕೊಂದು ಕಾರಣವಿದೆ. ಗಡ್ಡೆಯೊಂದಿಗೆ ದವಡೆಯ ಮೂಳೆಯನ್ನೂ ತೆಗೆಯಬೇಕೆಂದು ವೈದ್ಯರು ಹೇಳಿದಾಗ, "ಮುಖವೇ ಹೋದ ಮೇಲೆ ಬದುಕೇಕೆ?" ಎಂದು ತಿಂಗಳುಗಟ್ಟಲೆ ಮುಂದೂಡಿದವರನ್ನು ನಮ್ಮ ಬಂಧುಬಳಗದಲ್ಲಿಯೇ ಕಂಡಿದ್ದೇನೆ. ಆ ಭಯ ಒಂದು ಕಾಲಕ್ಕೆ ನಿಜವೇ ಆಗಿತ್ತು.

1810ರಲ್ಲಿ ಅಮೆರಿಕದ ಟೆನೆಸೀಯಲ್ಲಿ ವಿಲಿಯಂ ಡೆಡರಿಕ್ ಎಂಬ ವೈದ್ಯ, ಬಾಲಕನೊಬ್ಬನ ಗಡ್ಡೆಯನ್ನು ಕೆಳದವಡೆಯ ಒಂದು ಭಾಗದೊಂದಿಗೆ ಕತ್ತರಿಸಿ ತೆಗೆದ. 1812ರಲ್ಲಿ ಪ್ಯಾರಿಸ್ಸಿನ ಡ್ಯುಪ್ಯುಟ್ರೆನ್ ಇಂಥದೇ ಶಸ್ತ್ರಕ್ರಿಯೆ ನಡೆಸಿದ. ಈಥರ್ ಅರಿವಳಿಕೆಯ ಪ್ರಸಿದ್ಧ ಪ್ರದರ್ಶನ ಬಾಸ್ಟನ್ನಿನಲ್ಲಿ ನಡೆದದ್ದು 1846ರಲ್ಲಿ. ಅಲ್ಲಿಯವರೆಗೆ ರೋಗಿ ಎಚ್ಚರದಲ್ಲಿದ್ದೇ ಗರಗಸದ ನೋವನ್ನು ಸಹಿಸಬೇಕಿತ್ತು. ಕೈಚಳಕವೆಂದರೆ ಬೇಗ ಮುಗಿಸುವುದೇ ಆಗಿತ್ತು.

ಗಡ್ಡೆ ಹೋಯಿತು, ಜೀವ ಉಳಿಯಿತು, ಮುಂದೇನು? ಕೆಳದವಡೆ ಕುದುರೆಯ ಲಾಳದಂತೆ ಬಾಗಿದ ಮೂಳೆ. ಅದರ ಮುಂಭಾಗ ಹೋದರೆ ಗಲ್ಲ ಕುಸಿಯುತ್ತದೆ, ಆಧಾರ ತಪ್ಪಿದ ನಾಲಗೆ ಹಿಂದಕ್ಕೆ ಜಾರುತ್ತದೆ, ಜೊಲ್ಲು ನಿಲ್ಲುವುದಿಲ್ಲ, ಅಗಿಯುವುದೂ ಮಾತನಾಡುವುದೂ ಕಷ್ಟವಾಗುತ್ತವೆ. ಮೂಳೆಯನ್ನು ಉಳಿಸಿ ಗಡ್ಡೆಯನ್ನಷ್ಟೇ ಕೆರೆದು ತೆಗೆಯಬಾರದೇ ಎಂದು ನೀವು ಕೇಳಬಹುದು. ಕ್ಯಾನ್ಸರಲ್ಲದ ಅಮೆಲೊಬ್ಲಾಸ್ಟೊಮಾದಂಥ ಗಡ್ಡೆಯೂ ಹಾಗೆ ಕೆರೆದರೆ ಮರುಕಳಿಸುವುದುಂಟು. ಅದರ ಎಳೆಗಳು ಸುತ್ತಲ ಮೂಳೆಯೊಳಗೆ ಹಬ್ಬಿರುತ್ತವೆ.

ಹೋದ ಮೂಳೆಯನ್ನು ತುಂಬುವ ವಿದ್ಯೆಗೆ ವೇಗ ಕೊಟ್ಟದ್ದು ಮೊದಲನೆಯ ಮಹಾಯುದ್ಧ. ಗುಂಡು, ಸಿಡಿತಲೆಗಳಿಂದ ದವಡೆ ಒಡೆದ ಸೈನಿಕರಿಗಾಗಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ 1917ರಲ್ಲಿ ಆಸ್ಪತ್ರೆ ತೆರೆಯಿತು. ಅಲ್ಲಿ ಹೆರಾಲ್ಡ್ ಗಿಲ್ಲೀಸ್ ಮತ್ತು ಸಂಗಡಿಗರು ಪಕ್ಕೆಲುಬು, ಸೊಂಟದ ಮೂಳೆಗಳ ತುಂಡುಗಳನ್ನು ದವಡೆಗೆ ಕಸಿ ಮಾಡಿದರು. ಆದರೆ ರಕ್ತನಾಳದಿಂದ ಕಡಿದು ತಂದ ಮೂಳೆ ಹೊಸ ಜಾಗದಲ್ಲಿ ನಿಧಾನವಾಗಿ ರಕ್ತವನ್ನು ಪಡೆಯಬೇಕು. ಬಾಯಿಯ ಜೊಲ್ಲು ತಾಕಿದರೆ ಕೀವಾಗುವ ಅಪಾಯ. ವಿಕಿರಣ ಚಿಕಿತ್ಸೆ ಪಡೆದ ಜಾಗವಾದರೆ ರಕ್ತದ ಹರಿವೇ ಕಡಿಮೆ.

ಕಸಿ ಮಾಡುವ ಅಂಗ ತನ್ನ ರಕ್ತವನ್ನು ತಾನೇ ತರಬೇಕೆಂಬ ತತ್ತ್ವ ನಮ್ಮ ನೆಲಕ್ಕೆ ಹೊಸದಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಬಳಿ ಹೊಸ ಮೂಗನ್ನು ಕಟ್ಟಿದರು. ಹಣೆಯ ಚರ್ಮವನ್ನು ಪೂರ್ತಿ ಕಡಿಯದೆ, ಬುಡವನ್ನು ಉಳಿಸಿ ಕೆಳಗೆ ತಿರುಗಿಸಿ ಹೊಲಿದದ್ದು ಅದರ ಗುಟ್ಟು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಸಚಿತ್ರವಾಗಿ ಪ್ರಕಟಿಸಿತು. ಹಣೆ ಮೂಗಿನ ನೆರೆಯಲ್ಲೇ ಇದೆ. ದವಡೆಗೆ ಬೇಕಾದ ಉದ್ದನೆಯ ಮೂಳೆ ದೂರದಿಂದ ಬರಬೇಕು.

ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ಸಣ್ಣ ದಾರದಿಂದ ರಕ್ತನಾಳಗಳನ್ನು ಹೊಲಿಯುವ ವಿದ್ಯೆ ಆ ದೂರವನ್ನು ದಾಟಿಸಿತು. 1975ರಲ್ಲಿ ಆಸ್ಟ್ರೇಲಿಯದ ಇಯಾನ್ ಟೇಲರ್ ಮತ್ತು ಸಂಗಡಿಗರು, ಮೊಣಕಾಲಿನ ಕೆಳಗಣ ಹೊರಬದಿಯ ತೆಳು ಮೂಳೆಯಾದ ಫಿಬ್ಯುಲಾವನ್ನು ಅದರ ರಕ್ತನಾಳಗಳೊಂದಿಗೇ ತೆಗೆದು, ಗಾಯಗೊಂಡ ಇನ್ನೊಂದು ಕಾಲಿಗೆ ಕೂಡಿಸಿದ್ದನ್ನು ವರದಿ ಮಾಡಿದರು. 1989ರಲ್ಲಿ ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ಅದೇ ಮೂಳೆಯಿಂದ ಕೆಳದವಡೆಯನ್ನು ಕಟ್ಟಿದ ವಿಧಾನವನ್ನು ಪ್ರಕಟಿಸಿದ. ದೇಹದ ಭಾರದಲ್ಲಿ ಫಿಬ್ಯುಲಾದ ಪಾಲು ಅಲ್ಪ. ಮೊಣಕಾಲು ಮತ್ತು ಹರಡಿನ ಬಳಿಯ ತುದಿಗಳನ್ನು ಉಳಿಸಿದರೆ ರೋಗಿ ಮತ್ತೆ ನಡೆಯಬಲ್ಲ. ಅದನ್ನು ಅಲ್ಲಲ್ಲಿ ಕೊಯ್ದು ದವಡೆಯ ಆಕಾರಕ್ಕೆ ಬಾಗಿಸಿ, ಕತ್ತಿನ ರಕ್ತನಾಳಕ್ಕೆ ಜೋಡಿಸುತ್ತಾರೆ. ಅನೇಕರಿಗೆ ಮುಂದೆ ಅದರ ಮೇಲೆ ಹಲ್ಲನ್ನೂ ಕೂಡಿಸಬಹುದು. ಇಂದು ನಮ್ಮ ರಾಜ್ಯದ ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ.

ತೆಗೆಯುವುದನ್ನು ಕಲಿತು ಹೀಗೆ ಕಟ್ಟುವುದನ್ನು ಕಲಿಯಲು ನೂರೆಂಬತ್ತು ವರ್ಷ ಹಿಡಿಯಿತು. ಅಷ್ಟು ಜನರ ಶ್ರಮದ ಫಲ ನಮಗೆ ದಕ್ಕಬೇಕಾದರೆ ನಾವು ಸಕಾಲದಲ್ಲಿ ವೈದ್ಯರ ಬಳಿಗೆ ಹೋಗಬೇಕು. ಎಲೆಯಡಿಕೆ, ಹೊಗೆಸೊಪ್ಪಿನ ಅಭ್ಯಾಸವಿರುವ ಹಿರಿಯರಿಗೂ, ಗುಟ್ಕಾ ಹಿಡಿದಿರುವ ಕಿರಿಯರಿಗೂ ನನ್ನದೊಂದೇ ಬಿನ್ನಹ: ಅದನ್ನು ಬಿಡಿ. ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ದವಡೆಯಲ್ಲಿ ಊತ ಕಂಡರೆ, ಮನೆಮದ್ದಿನಲ್ಲಿ ದಿನ ಕಳೆಯದೆ ತೋರಿಸಿಕೊಳ್ಳಿ.