ವಿದ್ಯುತ್ ಗಿಟಾರಿನ ಹದ: ಒಂದು ಚಾರಿತ್ರಿಕ ವಿವೇಚನೆ

ವಾದ್ಯಗಳ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ನಾದದ ಇತಿಹಾಸವನ್ನೇ ಬರೆಯುತ್ತಾರೆ. ನಾದವನ್ನು ಹೊರಡಿಸುವ ಬೆರಳುಗಳ ನೋವನ್ನು ಲೆಕ್ಕಕ್ಕೆ ತರುವವರು ವಿರಳ. ವಿದ್ಯುತ್ ಗಿಟಾರಿನ ವಿಷಯದಲ್ಲಿ ಈ ಉಪೇಕ್ಷೆ ಸಲ್ಲದು. ವಾದ್ಯವನ್ನು ಕೈಗೆ ಹೊಂದಿಸುವ ಅಧಿಕಾರವು ತಯಾರಕನಿಂದ ವಾದಕನಿಗೆ ಕ್ರಮವಾಗಿ ಸಂದ ಕಥೆಯು ಅದರ ರಚನೆಯಲ್ಲಿಯೇ ಅಡಗಿದೆ.

ಸಮಸ್ಯೆಯ ಸ್ವರೂಪವನ್ನು ಮೊದಲು ತಿಳಿಯಬೇಕು. ತಂತಿಯು ಮೆಟ್ಟಿಲುಗಳಿಂದ ಎತ್ತರದಲ್ಲಿದ್ದಷ್ಟೂ ಅದನ್ನು ಒತ್ತಲು ಹೆಚ್ಚು ಬಲ ಬೇಕು. ತೀರ ತಗ್ಗಿದರೆ ಕಂಪಿಸುವ ತಂತಿ ಮೆಟ್ಟಿಲಿಗೆ ತಾಗಿ ಕರಕರಿಸುತ್ತದೆ. ಇದಲ್ಲದೆ ಉಕ್ಕಿನ ತಂತಿಗಳ ಎಳೆತಕ್ಕೆ ಮರದ ಕುತ್ತಿಗೆ ಬಾಗುತ್ತದೆ. ನಮ್ಮ ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುವುದರಿಂದ ಅವನ್ನು ತೆಗೆದು ಮರಳಿ ಕೂರಿಸಬಹುದು. ಗಿಟಾರಿನಲ್ಲಿ ಅವು ಮರದಲ್ಲಿಯೇ ನಾಟಿರುತ್ತವೆ. ಆದುದರಿಂದ ಹದವನ್ನು ಕುತ್ತಿಗೆಯಲ್ಲಿಯೂ ಕುದುರೆಯಲ್ಲಿಯೂ ಅರಸಬೇಕಾಯಿತು.

ಮೊದಲ ಪರಿಹಾರವು ವಿದ್ಯುತ್ ಗಿಟಾರಿಗಿಂತ ಹಿಂದಿನದು. ಅಮೆರಿಕದ ಗಿಬ್ಸನ್ ಸಂಸ್ಥೆಯ ಥ್ಯಾಡಿಯಸ್ ಮೆಕ್‌ಹ್ಯೂ ಅವರು ಕುತ್ತಿಗೆಯೊಳಗೆ ಉಕ್ಕಿನ ಸಲಾಕೆಯೊಂದನ್ನು ಹುದುಗಿಸಿ, ನಟ್ಟನ್ನು ಬಿಗಿದು ಬಾಗನ್ನು ತಿದ್ದುವ ಉಪಾಯಕ್ಕೆ 1923ರಲ್ಲಿ ಪೇಟೆಂಟ್ ಪಡೆದರು. 1930ರ ದಶಕದಲ್ಲಿ ವಿದ್ಯುತ್ತು ಬಂದ ಮೇಲೆ, ಕೇವಲ ಧ್ವನಿಯ ಗಾತ್ರಕ್ಕಾಗಿ ದಪ್ಪ ತಂತಿಗಳನ್ನು ಕಟ್ಟಬೇಕೆಂಬ ನಿರ್ಬಂಧವೂ ಸಡಿಲವಾಯಿತು.

ಮುಂದಿನ ಹೆಜ್ಜೆ ಕುದುರೆಯದು. ಸ್ವತಃ ಗಿಟಾರ್ ನುಡಿಸಲಾರದಿದ್ದ, ರೇಡಿಯೋ ದುರಸ್ತಿಯಿಂದ ಈ ಉದ್ಯಮಕ್ಕೆ ಬಂದ ಲಿಯೋ ಫೆಂಡರ್ ಅವರು ಟೆಲಿಕಾಸ್ಟರಿನಲ್ಲಿ ಎರಡೆರಡು ತಂತಿಗಳಿಗೆ ಒಂದರಂತೆ ಮೂರು ಆಧಾರಗಳನ್ನಿಟ್ಟರು. 1954ರ ಸ್ಟ್ರಾಟೋಕಾಸ್ಟರಿನಲ್ಲಿ ಆರು ತಂತಿಗಳಿಗೂ ಪ್ರತ್ಯೇಕ ಆಧಾರಗಳಾದವು; ಪ್ರತಿಯೊಂದರ ಎತ್ತರವನ್ನೂ ಉದ್ದವನ್ನೂ ತಿರುಪಿನಿಂದ ಹೊಂದಿಸಬಹುದಾಯಿತು. ವಾದಕನ ಮೈಗೆ ಒತ್ತದಂತೆ ಒಡಲಿನ ಅಂಚನ್ನೂ ಕೆತ್ತಲಾಯಿತು. ಅದೇ ಕಾಲದ ಗಿಬ್ಸನ್ ಕುದುರೆಯಲ್ಲಿ ಪ್ರತಿ ತಂತಿಯ ಉದ್ದವನ್ನು ಬೇರೆ ಬೇರೆಯಾಗಿ ತಿದ್ದಬಹುದಿತ್ತು. ಎತ್ತರವನ್ನು ಮಾತ್ರ ಇಡೀ ಕುದುರೆಗೆ ಒಟ್ಟಾಗಿ ಹೊಂದಿಸಬೇಕಿತ್ತು.

ಇಷ್ಟಾದರೂ ಕಡೆಯ ತೀರ್ಮಾನ ಕೈಯದೇ ಎಂಬುದಕ್ಕೆ ಇಂಗ್ಲೆಂಡಿನ ಟೋನಿ ಅಯೋಮಿ ಅವರ ಅನುಭವವೇ ಸಾಕ್ಷಿ. 1965ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯೊಂದರಲ್ಲಿ ಈ ಎಡಗೈ ವಾದಕರ ಬಲಗೈಯ, ಎಂದರೆ ತಂತಿ ಒತ್ತುವ ಕೈಯ, ಎರಡು ಬೆರಳುಗಳ ತುದಿ ತುಂಡಾದವು. ಅವರು ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಬ್ಯಾಂಜೋ ವಾದ್ಯದ ತೆಳು ತಂತಿಗಳನ್ನು ಗಿಟಾರಿಗೆ ಕಟ್ಟಿದರು. ಮುಂದೆ ಶ್ರುತಿಯನ್ನೂ ಇಳಿಸಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಮುದ್ರಿಕೆಯಲ್ಲಿ ಕೇಳಿಬರುವ ಆ ಗಂಭೀರ ಮಂದ್ರನಾದದಿಂದ ಒಂದು ಸಂಗೀತ ಸಂಪ್ರದಾಯವೇ ಬೆಳೆಯಿತು. ನೋವಿನ ಪರಿಹಾರವೇ ಇಲ್ಲಿ ಶೈಲಿಯಾಯಿತು.

ಇಂದು ಹದಮಾಡುವವರು ಸಾಮಾನ್ಯವಾಗಿ ಮೊದಲು ಕುತ್ತಿಗೆಯ ಬಾಗನ್ನೂ, ಬಳಿಕ ತಂತಿಯ ಎತ್ತರವನ್ನೂ, ಕಡೆಗೆ ತಂತಿಯ ಉದ್ದದಿಂದ ಶ್ರುತಿಶುದ್ಧಿಯನ್ನೂ ನೋಡುತ್ತಾರೆ. ತಂತಿಯ ದಪ್ಪ ಬದಲಾದರೆ ಎಲ್ಲವನ್ನೂ ಮರಳಿ ಪರೀಕ್ಷಿಸುತ್ತಾರೆ. ಒಂದೊಂದು ತಿರುಪಿನ ಹಿಂದೆಯೂ ದಣಿದ ಕೈಯೊಂದರ ಬೇಡಿಕೆಯಿದೆ. ತಂತ್ರಜ್ಞಾನದ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಯು ಯಂತ್ರವನ್ನು ನೋಡುವಾಗ ಆ ಕೈಯನ್ನು ಮರೆಯಬಾರದು.