ನಿಃಶುಲ್ಕ ಪೋಕರ್ ಸ್ಪರ್ಧೆಗಳಲ್ಲಿ ಯುಕ್ತಿವಿಚಾರ: ಕುಮಟಾ, ಹೊನ್ನಾವರ, ಭಟ್ಕಳ ಸೀಮೆಯಿಂದ ಒಂದು ಪರಿಶೀಲನೆ

ಕುಮಟಾ, ಹೊನ್ನಾವರ, ಭಟ್ಕಳಗಳು ಇನ್ನೂ ಮುಂಬಯಿ ರಾಜ್ಯದ ಆಡಳಿತಕ್ಕೆ ಒಳಪಟ್ಟಿದ್ದ ಕಾಲದಲ್ಲಿ, ಮೈಸೂರು ರಾಜ್ಯದ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯು ಪದಬಂಧದ ಬಹುಮಾನ ಸ್ಪರ್ಧೆಯೊಂದನ್ನು ನಡೆಯಿಸುತ್ತಿದ್ದಿತು; ಮುಂಬಯಿ ರಾಜ್ಯದ ಓದುಗರಲ್ಲಿ ಅದಕ್ಕೆ ವಿಪುಲವಾದ ಪ್ರಚಾರವಿದ್ದುದರಿಂದ, ಆ ಸರಕಾರವು ತನ್ನ 1948ರ ಕಾಯಿದೆಯನ್ನು 1952ರಲ್ಲಿ ತಿದ್ದಿ, ಎಲ್ಲೆಯಾಚೆ ಅಚ್ಚಾದ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ವಿಧಿಸಿತು. ಅಲ್ಲಿಂದ ಹುಟ್ಟಿದ ಚಾಮರ್‌ಬಾಗ್‌ವಾಲಾ ವ್ಯಾಜ್ಯವು 1957ರ ಏಪ್ರಿಲ್ 9ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಗುವ ವೇಳೆಗೆ, ರಾಜ್ಯ ಪುನರ್ವಿಂಗಡಣೆಯ ಫಲವಾಗಿ, ಈ ಮೂರು ಊರುಗಳೂ ಪತ್ರಿಕೆ ಅಚ್ಚಾಗುತ್ತಿದ್ದ ರಾಜ್ಯಕ್ಕೇ ಬಂದು ಸೇರಿದ್ದವು. ಗೆಲವು ಬಹುಮಟ್ಟಿಗೆ ಕೌಶಲವನ್ನು ಅವಲಂಬಿಸಿದ ಸ್ಪರ್ಧೆಯು ಜೂಜಲ್ಲವೆಂಬ ತತ್ತ್ವವು ಅಂದು ಸ್ಥಿರವಾಯಿತು. ಇಸ್ಪೀಟಿನ ರಮ್ಮಿಯನ್ನು 1968ರಲ್ಲಿ ಕೌಶಲದ ಆಟವೆಂದು ಅದೇ ನ್ಯಾಯಾಲಯವು ಪರಿಗಣಿಸಿದಾಗಲೂ, ನಮ್ಮ ಹೈಕೋರ್ಟು 2022ರ ಫೆಬ್ರವರಿ 14ರಂದು ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯಿದೆಯ ಮುಖ್ಯ ವಿಧಿಗಳನ್ನು ಅಸಿಂಧುಗೊಳಿಸಿದಾಗಲೂ ವಾದವು ಸುತ್ತಿದುದು ಈ ಅಚ್ಚಿನ ಸುತ್ತಲೇ. ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಗೆ ಇಷ್ಟು ಕಾಗದ ವ್ಯಯವಾಗಿದ್ದರೂ, ಪಣವೇ ಇಲ್ಲದ ಸ್ಪರ್ಧೆಯಲ್ಲಿ ಕೌಶಲದ ಸ್ವರೂಪವೇನು ಎಂಬುದನ್ನು ನ್ಯಾಯಶಾಸ್ತ್ರವು ಕೇಳಬೇಕಾದ ಪ್ರಸಂಗವೇ ಬರಲಿಲ್ಲ. ಆ ಪ್ರಶ್ನೆಯೇ ಈ ಲೇಖನದ ವಸ್ತು.

ಪ್ರವೇಶಶುಲ್ಕವಿಲ್ಲದೆ ಯಾರು ಬೇಕಾದರೂ ಹೆಸರು ನೋಂದಿಸಿ ಆಡಬಹುದಾದ, ಗೆದ್ದ ಕೆಲವರಿಗೆ ಅಲ್ಪ ಬಹುಮಾನವುಳ್ಳ ಆನ್‌ಲೈನ್ ಪೋಕರ್ ಸ್ಪರ್ಧೆಗೆ ಆಟಗಾರರು ‘ಫ್ರೀರೋಲ್’ ಎನ್ನುವರು. ಇದರಲ್ಲಿ ಕೊಡುವ ಚಿಪ್ಪುಗಳಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಅವು ಮುಗಿದೊಡನೆ ಆಟಗಾರನು ಹೊರಬೀಳುವನು, ಅಷ್ಟೆ. ನಮ್ಮ ಕರಾವಳಿಯ ಪೊಲೀಸ್ ವರದಿಗಳಲ್ಲಿ ಪದೇ ಪದೇ ಕಾಣಿಸುವ ಅಂದರ್-ಬಾಹರ್ ಆಟದೊಡನೆ ಇದನ್ನು ಹೋಲಿಸುವುದು ಅಸಂಗತ. ಅಲ್ಲಿ ಮೊದಲ ಎಲೆ ಬೀಳುವ ಪಕ್ಷಕ್ಕೆ 100ಕ್ಕೆ ಸುಮಾರು 51.5ರಷ್ಟು ಅನುಕೂಲವಿರುವುದನ್ನು ಬಿಟ್ಟರೆ ಬುದ್ಧಿಗೆ ಕೆಲಸವೇ ಇಲ್ಲ. ಪೋಕರಿನಲ್ಲಾದರೋ 52 ಎಲೆಗಳಿಂದ ಇಬ್ಬೆಲೆಯ 1326 ಕೈಗಳು ಸಂಭವಿಸುವುವು. ಕೈಗೆ ಬಂದುದನ್ನು ಆಡುವುದೋ ಬಿಸುಡುವುದೋ ಎಂಬ ನಿರ್ಣಯವು ಪ್ರತಿ ಸಲವೂ ಆಟಗಾರನದೇ.

ಪೋಕರಿನ ಶಾಸ್ತ್ರಗ್ರಂಥಗಳೆಲ್ಲ ಭಯವೆಂಬ ಅಡಿಗಲ್ಲಿನ ಮೇಲೆ ನಿಂತಿವೆ. ಫಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ 1944ರ ತಮ್ಮ ಗ್ರಂಥದಲ್ಲಿ ಬ್ಲಫ್ ಎಂಬುದು ಕೇವಲ ಧೂರ್ತತನವಲ್ಲ, ಗಣಿತವೇ ವಿಧಿಸುವ ಕ್ರಮವೆಂದು ತೋರಿಸಿದರು. ದುರ್ಬಲ ಕೈಯಲ್ಲಿಯೂ ಒಮ್ಮೊಮ್ಮೆ ದೊಡ್ಡದಾಗಿ ಹೂಡದಿದ್ದವನ ಪ್ರಬಲ ಕೈಗೆ ಎದುರಾಳಿಯು ಬೆಲೆ ಕೊಡಲಾರನು. ಆದರೆ ಬ್ಲಫ್ ಫಲಿಸಬೇಕಾದರೆ ಎದುರಿಗಿರುವವನು ಏನನ್ನಾದರೂ ಕಳೆದುಕೊಳ್ಳುವ ಅಂಜಿಕೆಯುಳ್ಳವನಾಗಿರಬೇಕು. ಪುಗಸಟ್ಟೆಯಾಗಿ ಬಂದು ಕುಳಿತವನಿಗೆ ಆ ಅಂಜಿಕೆ ಎಲ್ಲಿಯದು? ಎಕ್ಕವೊಂದು ಕೈಯಲ್ಲಿದ್ದರೆ ಸಾಕು, ಎಷ್ಟು ಹೂಡಿದರೂ ಅವನು ನೋಡಿಯೇ ತೀರುವನು. ಹೊರಬಿದ್ದರೆ ಮುಂದಿನ ಗಂಟೆ ಇನ್ನೊಂದು ಸ್ಪರ್ಧೆ ಇದ್ದೇ ಇದೆ. ಆದುದರಿಂದ ನಿಃಶುಲ್ಕ ಸ್ಪರ್ಧೆಯ ಆರಂಭಘಟ್ಟದಲ್ಲಿ ಬ್ಲಫ್ ಮಾಡುವುದು ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ. ಮಿಕ್ಕ ಯುಕ್ತಿಗಳೆಲ್ಲವೂ ಈ ಒಂದು ಸಂಗತಿಯಿಂದಲೇ ನಿಷ್ಪನ್ನವಾಗುತ್ತವೆಂದು ನನ್ನ ಅಭಿಮತ.

ಮೊದಲ ಅರ್ಧಗಂಟೆಯ ದೃಶ್ಯವು ಬಹುಮಟ್ಟಿಗೆ ಏಕರೂಪದ್ದು. ನಾಲ್ಕೈದು ಮಂದಿ ಕೈಯಲ್ಲಿರುವುದೇನೆಂದು ಸರಿಯಾಗಿ ನೋಡದೆಯೇ ಸರ್ವಸ್ವವನ್ನೂ ಮುಂದಕ್ಕೆ ತಳ್ಳುವರು. ಇದಕ್ಕೆ ‘ಆಲ್-ಇನ್’ ಎಂದು ಹೆಸರು. ಜೋಡಿ ಎಕ್ಕವು 221 ಕೈಗಳಿಗೆ ಸರಾಸರಿ ಒಮ್ಮೆ ಬರುವಂಥದು. ಯಾದೃಚ್ಛಿಕ ಕೈಯುಳ್ಳ ಒಬ್ಬನೇ ಎದುರಾಳಿಯ ಮುಂದೆ ಅದಕ್ಕೆ 100ಕ್ಕೆ 85ರಷ್ಟು ಗೆಲವುಂಟು, ಅಂಥ ನಾಲ್ವರ ಮುಂದಾದರೆ ಸುಮಾರು 56 ಮಾತ್ರ. ಅಷ್ಟಾದರೂ ಐದು ಪಟ್ಟು ಚಿಪ್ಪು ದೊರೆಯುವ ಅವಕಾಶವಾದುದರಿಂದ ಅದನ್ನು ಆಡಲೇಬೇಕು. ಸಾಮಾನ್ಯ ಜೋಡಿಯ ಗತಿ ಬೇರೆ. ತನಗಿಂತ ದೊಡ್ಡ ಎರಡು ಎಲೆಗಳ ಮುಂದೆ ಅದರ ಮೇಲುಗೈ 100ಕ್ಕೆ 55ರ ಆಸುಪಾಸು. ಅಂಥ ಪರೀಕ್ಷೆ ಐದನ್ನು ಸಾಲಾಗಿ ದಾಟುವ ಸಂಭವ 100ಕ್ಕೆ 5 ಮಾತ್ರ. 80ರ ಅನುಕೂಲವುಳ್ಳ ಪರೀಕ್ಷೆಗಳನ್ನೇ ಆಯ್ದುಕೊಂಡರೆ ಅದೇ ಐದನ್ನು ದಾಟುವ ಸಂಭವ 33ಕ್ಕೆ ಏರುವುದು. ತಾಳ್ಮೆಯ ಬೆಲೆ ಇಲ್ಲಿ ಉಪದೇಶದ ಮಾತಲ್ಲ, ಗುಣಾಕಾರದ ಫಲ.

ಯಕ್ಷಗಾನದ ಸೀಮೆಯಲ್ಲಿ ಇದನ್ನು ವಿವರಿಸುವುದು ಸುಲಭ. ಇಡೀ ರಾತ್ರಿಯ ಆಟದಲ್ಲಿ ಕೋಡಂಗಿ, ಬಾಲಗೋಪಾಲರ ಕುಣಿತವು ಪೂರ್ವರಂಗಕ್ಕೆ ಸೇರಿದುದು; ಪ್ರಧಾನ ವೇಷವು ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ತನ್ನ ಹೊತ್ತನ್ನು ಕಾಯುತ್ತದೆ. ಫ್ರೀರೋಲಿನ ಮೊದಲ ಅರ್ಧಗಂಟೆಯೂ ಕೋಡಂಗಿಗಳದೇ. ಆದರೆ ಈ ಉಪಮೆಗೆ ಒಂದು ಮಿತಿಯುಂಟು: ಚೌಕಿಯಲ್ಲಿ ಕುಳಿತ ವೇಷಧಾರಿಗೆ ಕಾಯುವುದಕ್ಕೆ ತೆರಿಗೆಯಿಲ್ಲ, ಪೋಕರಿನಲ್ಲಿ ಉಂಟು. ‘ಬ್ಲೈಂಡ್’ ಎಂಬ ಕಡ್ಡಾಯ ಕಾಣಿಕೆಯು ನಿಯತಕಾಲಕ್ಕೆ ಏರುತ್ತ ಹೋಗುವುದರಿಂದ ಸುಮ್ಮನಿರುವವನೂ ಕರಗುತ್ತಾನೆ. ಪಾಲ್ ಮಾಗ್ರಿಯೆಲ್ ರೂಪಿಸಿ ಡ್ಯಾನ್ ಹ್ಯಾರಿಂಗ್ಟನ್ ತಮ್ಮ ಗ್ರಂಥದಿಂದ ಪ್ರಸಿದ್ಧಗೊಳಿಸಿದ ‘ಎಂ’ ಎಂಬ ಮಾನವು ಈ ಕರಗುವಿಕೆಯನ್ನು ಅಳೆಯುತ್ತದೆ. ಬ್ಲೈಂಡುಗಳು 100 ಮತ್ತು 200, ಒಂಬತ್ತು ಮಂದಿ ತಲಾ 25 ಕೊಡುವುದೆಂದರೆ ಒಂದು ಸುತ್ತಿನ ವೆಚ್ಚ 525. ಕೈಯಲ್ಲಿ 4200 ಇದ್ದರೆ ಎಂ 8, ಅಂದರೆ ಏನೂ ಆಡದೆ ಎಂಟು ಸುತ್ತು ಬದುಕಬಹುದು. ಇದು 5ಕ್ಕಿಂತ ಕೆಳಗಿಳಿಯಿತೆಂದರೆ ಸೂಕ್ಷ್ಮವಾದ ಆಟಕ್ಕೆ ಅವಕಾಶ ಮುಗಿಯಿತು. ಮೊದಲು ನುಗ್ಗುವವನು ತಾನಾಗಬೇಕು, ಸರ್ವಸ್ವವನ್ನೂ ಹೂಡಬೇಕು, ಇಲ್ಲವೇ ಎಲೆ ಬಿಸುಡಬೇಕು.

ನಡುಘಟ್ಟದಲ್ಲಿ ಒಂದು ವಿಚಿತ್ರ ಸಂಪತ್ತು ದೊರೆಯುತ್ತದೆ. ಶುಲ್ಕವಿಲ್ಲದ ಕಾರಣ ಹೆಸರು ನೋಂದಿಸಿ ಮರೆತವರು, ಆಟದ ನಡುವೆ ಊಟಕ್ಕೆ ಎದ್ದವರು, ಮಳೆಗಾಲದ ಗಾಳಿಗೆ ಕರೆಂಟು ಹೋಗಿ ನೆಟ್‌ವರ್ಕ್ ಕಡಿದವರು ಹೇರಳ. ಅವರ ಬ್ಲೈಂಡನ್ನು ಯಂತ್ರವೇ ಕಟ್ಟಿ ಅವರ ಎಲೆಗಳನ್ನು ತಾನೇ ಬಿಸುಡುತ್ತದೆ. ಅಂಥ ಶೂನ್ಯಪೀಠವು ತನ್ನ ಎಡಕ್ಕೆ ಬಿದ್ದವನು, ನಡುವೆ ಬೇರಾರೂ ನುಗ್ಗದಿದ್ದಲ್ಲಿ, ಯಾವ ಎಲೆಯಿಂದಲಾದರೂ ಆ ಬ್ಲೈಂಡನ್ನು ಸೆಳೆದುಕೊಳ್ಳಬಹುದು. ನಾನು ಸ್ವತಃ ಒಂದು ಆಷಾಢದ ರಾತ್ರಿ ಇಂಥ ಮೂರು ಪೀಠಗಳ ಆದಾಯದಿಂದಲೇ ಮುಂದೆ ಸಾಗಿ, ಕಡೆಗೆ ನನ್ನ ಮನೆಯ ದೀಪವೇ ಆರಿ, ಇನ್ನಾರದೋ ಆದಾಯವಾದೆನು.

ಭಯವು ಮೇಜಿಗೆ ಮರಳುವುದು ಬಹುಮಾನದ ಹೊಸ್ತಿಲಲ್ಲಿ. ಮೂರು ತಾಸು ಕುಳಿತವನಿಗೆ ಈಗ ಕಳೆದುಕೊಳ್ಳುವುದಕ್ಕೆ ಏನೋ ಒಂದು ಹುಟ್ಟಿರುತ್ತದೆ, ಅವನ ಆ ಮೂರು ತಾಸು. ಅಲ್ಲಿಯವರೆಗೆ ನಿಷಿದ್ಧವಾಗಿದ್ದ ಬ್ಲಫ್ ಈಗ ಫಲಿಸತೊಡಗುವುದು; ಹೆಚ್ಚು ಚಿಪ್ಪುಳ್ಳವನು ಮಧ್ಯಮರನ್ನು ಪೀಡಿಸಬೇಕಾದುದು ಈ ಹೊತ್ತಿನಲ್ಲಿಯೇ. ಬಹುಮಾನದ ಹಂಚಿಕೆಯ ಗಣಿತವೂ ಇದನ್ನು ಪುಷ್ಟೀಕರಿಸುತ್ತದೆ. ಕುದುರೆ ಜೂಜಿನ ಫಲಸಂಭವವನ್ನು ಕುರಿತು ಹಾರ್ವಿಲ್ 1973ರಲ್ಲಿ ಪ್ರಕಟಿಸಿದ ಸೂತ್ರವನ್ನೇ ಮೇಸನ್ ಮಾಲ್ಮತ್ ಪೋಕರಿಗೆ ಹೊಂದಿಸಿದರು. ಮೂವರು ಉಳಿದಿದ್ದು, ಬಹುಮಾನಗಳು 500, 300, 200 ರೂಪಾಯಿಗಳಿದ್ದು, ಚಿಪ್ಪುಗಳು 5000, 3000, 2000 ಇವೆಯೆನ್ನೋಣ. ಸೂತ್ರದ ಪ್ರಕಾರ ಅವರ ಪಾಲಿನ ಬೆಲೆ ಕ್ರಮವಾಗಿ ಸುಮಾರು 384, 327, 289 ರೂಪಾಯಿ. ಅರ್ಧ ಚಿಪ್ಪುಳ್ಳವನಿಗೆ ಅರ್ಧ ಹಣವಿಲ್ಲ, ಐದನೆಯ ಒಂದಂಶವುಳ್ಳವನಿಗೆ ಅದಕ್ಕಿಂತ ಹೆಚ್ಚೇ ಇದೆ. ಗೆದ್ದ ಚಿಪ್ಪಿಗಿಂತ ಕಳೆದ ಚಿಪ್ಪು ತುಟ್ಟಿ. ಇದನ್ನರಿಯದವನು ಆರಂಭದ ಧಾಳಿಯನ್ನು ಅಂತ್ಯದಲ್ಲಿಯೂ ಮುಂದುವರಿಸಿ ಕೆಡುವನು.

ಬರಿಗೈಯಿಂದ ಮೇಲೆ ಬಂದವರ ದೃಷ್ಟಾಂತಗಳು ಇಲ್ಲದಿಲ್ಲ. ನಾರ್ವೆಯ ಆನೆಟ್ ಒಬ್ರೆಸ್ಟಾಡ್ ಹದಿಹರೆಯದಲ್ಲಿ ಫ್ರೀರೋಲುಗಳಿಂದ ಆರಂಭಿಸಿ 2007ರಲ್ಲಿ, 18ರ ವಯಸ್ಸಿನಲ್ಲಿ, ಯೂರೋಪಿನ ವಿಶ್ವಸರಣಿಯ ಮುಖ್ಯ ಸ್ಪರ್ಧೆಯನ್ನು ಗೆದ್ದಳು. ಕ್ರಿಸ್ ಫರ್ಗುಸನ್ ಸೊನ್ನೆಯಿಂದ ತೊಡಗಿ 10,000 ಡಾಲರು ಮುಟ್ಟಿದನು. ಇವು ಜಾಹೀರಾತಿಗೆ ಬಹು ಉಪಯುಕ್ತವಾದ ಕಥೆಗಳು. ನಿಃಶುಲ್ಕ ಮೇಜು ಬಹುಕಾಲ ಸಶುಲ್ಕ ಮೇಜಿನ ಗಾಳಕ್ಕೆ ಸಿಕ್ಕಿಸಿದ ಸಿಗಡಿಯೇ ಆಗಿದ್ದಿತೆಂಬುದನ್ನು ಮರೆಯಲಾಗದು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಅಧಿನಿಯಮವು ಕೌಶಲವೋ ಅದೃಷ್ಟವೋ ಎಂಬ ಹಳೆಯ ಭೇದವನ್ನೇ ಬದಿಗೊತ್ತಿ, ಗೆಲವಿನ ಆಶೆಯಿಂದ ಶುಲ್ಕವನ್ನೋ ಠೇವಣಿಯನ್ನೋ ಅನ್ಯ ಪಣವನ್ನೋ ಕೊಟ್ಟು ಆಡುವ ಆಟಗಳನ್ನು ನಿಷೇಧಿಸಿದೆ. ಏನನ್ನೂ ಕೊಡದೆ ಆಡುವ ಸ್ಪರ್ಧೆಯು ಈ ವ್ಯಾಖ್ಯೆಯ ಹೊರಗೆ ನಿಲ್ಲುವಂತೆ ತೋರುತ್ತದೆ. ಬಹುಮಾನವೇ ಸಶುಲ್ಕ ಸ್ಪರ್ಧೆಯೊಂದರ ಪ್ರವೇಶಚೀಟಿಯಾದ ಪಕ್ಷದಲ್ಲಿ ವಿಚಾರವು ಅಷ್ಟು ಸರಳವಲ್ಲ.

ಕಾಯಿದೆಯು ಎಣಿಸದಿರುವ ಪಣವೆಂದರೆ ಹೊತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ತದಡಿ, ಕಾಸರಕೋಡು, ಮಾವಿನಕುರ್ವೆಗಳಲ್ಲಿ ದೋಣಿಗಳು ದಡ ಸೇರಿರುತ್ತವೆ. ಅನೇಕರಿಗೆ ತಾಸಿನ ಬೆಲೆ ವರ್ಷದಲ್ಲಿಯೇ ಅತ್ಯಲ್ಪವಾಗುವ ಕಾಲವದು. ಲೆಕ್ಕಕ್ಕೆಂದು, 2000 ಮಂದಿ ಸೇರಿದ, 10,000 ರೂಪಾಯಿ ಬಹುಮಾನದ ಸ್ಪರ್ಧೆಯೊಂದನ್ನು ಕಲ್ಪಿಸೋಣ. ತಲೆಗೆ ಬರುವ ನಿರೀಕ್ಷಿತ ಫಲ 5 ರೂಪಾಯಿ. ಮೇಲೆ ಹೇಳಿದುದನ್ನೆಲ್ಲ ಚಾಚೂ ತಪ್ಪದೆ ಪಾಲಿಸುವ ನಿಪುಣನಿಗೆ ಮೂರು ಪಟ್ಟು ಸಲ್ಲುವುದೆಂದರೂ 15. ಅವನು ಸರಾಸರಿ ಎರಡು ತಾಸು ಕುಳಿತಿರುವನೆಂದರೆ ತಾಸಿಗೆ ಏಳೂವರೆ ರೂಪಾಯಿ. ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಹರಿದ ಬಲೆಗೆ ಕಣ್ಣು ಕಟ್ಟುತ್ತ ಕುಳಿತವನ ಕೂಲಿ ಅದಕ್ಕಿಂತ ಬಹಳ ಹೆಚ್ಚು.