ಮರಳಿನಿಂದ ನಲಿ-ಕಲಿಯವರೆಗೆ

ಅಂದು ಕೂಲಿಮಠದ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಕ್ತಬದ ಮಕ್ಕಳು ಮಣ್ಣು ಬಳಿದ ತಖ್ತಿಯ ಮೇಲೆ ಕಲಮಿನಿಂದ ಬರೆಯುತ್ತಿದ್ದರು. ಆಟ, ಹಾಡು, ಕಾರ್ಡುಗಳ ಮೂಲಕ ಕಲಿಸುವ ‘ನಲಿ-ಕಲಿ’ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಅದು ಮೊದಲು ಕಲಿಸಿದ್ದು ‘ಅ ಆ ಇ ಈ’ ಅಲ್ಲ, ‘ರ ಗ ಸ ದ ಅ’. ಈ ಐದರಿಂದಲೇ ಮಗು ಸರ, ಅರಸ, ಅಗಸ ಎಂದು ಬರೆಯಬಲ್ಲದು. ಉರ್ದುವಿನ ಬೇ, ಪೇ, ತೇಗಳಿಗೂ ರೂಪ ಒಂದೇ, ಚುಕ್ಕೆ ಮಾತ್ರ ಬೇರೆ. ಹುಣಸೆ ಬೀಜವನ್ನೇ ಚುಕ್ಕೆಯಾಗಿ ಇಡಿಸಬಹುದು.

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ತಂದೆ-ತಾಯಿಗೆ ಮನೆಯಲ್ಲಿ ಕೈಹಿಡಿದು ಬರೆಸಲು ಬಿಡುವಿಲ್ಲ. ಆ ಮಕ್ಕಳಿಗೆ ಅಕ್ಷರ ಒಲಿಯಬೇಕಾದದ್ದು ನಮ್ಮ ತರಗತಿಯಲ್ಲೇ. ಅದರ ಆರಂಭಕ್ಕೆ ಒಂದು ತಟ್ಟೆ ಮರಳು ಸಾಕು.